ಎಣ್ಣೆ ಡಬ್ಬಿಯಲ್ಲಿ ನೆಟ್ಟ ಕಡಲು

“ಎಷ್ಟು ನೀರುಯ್ದ್ರೂ ಚಿಗುರ್ತಾನೇ ಇಲ್ಲ ಮೇಡಮ್ಮೋರೇ. ನೀವು ಗಿಡದ ಪಾಠ ಹೇಳೋರಂತಲ್ಲ, ವಸಿ ನೋಡಿ.”

ಅಜ್ಜೀಪುರದಿಂದ ಹನೂರಿನ ನಮ್ಮ ಕಾಲೇಜಿಗೆ ಬಂದಿದ್ದ ಆ ತಾಯಿ, ಸೆರಗಿನ ಮರೆಯಿಂದ ಹಳೆಯ ಎಣ್ಣೆ ಡಬ್ಬಿಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಕೆಮ್ಮಣ್ಣು, ಒಂದಿಷ್ಟು ಕೊಟ್ಟಿಗೆ ಗೊಬ್ಬರ, ನಡುವೆ ಬೆರಳುದ್ದದ ಕಂದು ಪೊದೆ. ಮಲ್ಪೆಯಲ್ಲಿ ದೋಣಿಗಳ ತಳ ಹೆರೆಯುವ ಕೆಲಸಕ್ಕೆ ಹೋಗಿದ್ದ ಮಗನ ಚೀಲದಲ್ಲಿತ್ತು ಎಂದರು.

ಭೂತಗನ್ನಡಿ ಹಿಡಿದ ಕೂಡಲೇ ನನಗೆ ಉತ್ಸಾಹ ಉಕ್ಕಿತು. ಇಪ್ಪತ್ತು ವರ್ಷ ಚಿತ್ರದಲ್ಲಷ್ಟೇ ತೋರಿಸಿದ್ದ ಬ್ರಯೋಜೋವಾ! “ಇದು ಗಿಡವೇ ಅಲ್ಲಮ್ಮ” ಎಂದು ಪಾಠವನ್ನೇ ಶುರು ಮಾಡಿದೆ. ಎಳ್ಳಿಗಿಂತ ಸಣ್ಣ ಸಾವಿರಾರು ಜೀವಿಗಳು ಒಂದಕ್ಕೊಂದು ಅಂಟಿ ಹೂಡಿದ ಸಂಸಾರ, ಒಂದೊಂದಕ್ಕೂ ಒಂದೊಂದು ಗೂಡು. ಕಡಲಿನ ಉಪ್ಪುನೀರಿನಲ್ಲಿ ದೋಣಿಯ ತಳ ಕಚ್ಚಿಕೊಂಡು ಬೆಳೆಯುತ್ತವೆ. “ಇವೆಲ್ಲ ಸತ್ತು ಎಷ್ಟೋ ದಿನವಾಗಿದೆ, ಇನ್ನು ನೀರು ಹಾಕಿ ಏನೂ ಪ್ರಯೋಜನವಿಲ್ಲ” ಎಂದು ನಕ್ಕೆ.

ಆಕೆ ನಗಲಿಲ್ಲ. “ಅಂಗಾರೆ ನಾನೇ ಸಪ್ಪೆನೀರು ಉಯ್ದು ಸಾಯಿಸ್‌ಬುಟ್ನಾ? ಮಗ ಆ ಸಮುದ್ರದಲ್ಲೇ ಓಗ್ಬುಟ್ಟ. ಅವ್ನು ಇಟ್ಕಂಡಿದ್ದಾದ್ರೂ ಉಳೀಲಿ ಅಂತಿದ್ದೆ.”

ನಿಮ್ಮ ತಪ್ಪಲ್ಲ, ಕಡಲು ಬಿಟ್ಟ ದಿನವೇ ಅವು ಸತ್ತಿದ್ದವು ಎಂದೆ. ಆಕೆ ಡಬ್ಬಿ ಎತ್ತಿಕೊಂಡು ಹೊರಗೆ ಹೋಗಿ, ಅಂಗಳದ ನಲ್ಲಿಯಿಂದ ಅಂಗೈಯಲ್ಲಿ ನೀರು ಹಿಡಿದು ಅದಕ್ಕೆ ಚಿಮುಕಿಸಿ, ಬಸ್ಸಿಗೆ ನಡೆದರು.

ಈಗಲೂ ಮಕ್ಕಳು ಒಣಗಿದ ಚಿಟ್ಟೆಯನ್ನೋ ಚಿಪ್ಪನ್ನೋ ತಂದು ಮೇಜಿನ ಮೇಲಿಟ್ಟರೆ, ಭೂತಗನ್ನಡಿಗೆ ಕೈ ಹಾಕುವ ಮುನ್ನ, ಇದನ್ನು ನಿನಗೆ ಯಾರು ಕೊಟ್ಟರು ಎಂದು ಕೇಳುತ್ತೇನೆ.