ಗೋಡೆಗೊಂದು ಕೊನೆಯ ದಿನಾಂಕ

ಯಾರಾದರೂ ಬಂದು ನೋಡುತ್ತಾರೆ ಎಂದರೆ ಮಾತ್ರ ಬಣ್ಣ ಬಳಿಸುವ ಜಾತಿಯವನು ನಾನು. ಇದರಲ್ಲಿ ನನ್ನ ತಪ್ಪಿಲ್ಲ, ಇದು ಬ್ಯಾಂಕಿನ ಸಹವಾಸ ದೋಷ. ಮೇಲಿನ ಕಚೇರಿಯಿಂದ ತಪಾಸಣೆಗೆ ಬರುತ್ತಾರೆಂದು ತಿಳಿದರೆ ಸಾಕು, ನಮ್ಮ ಶಾಖೆಯ ಮುರುಕು ಕುರ್ಚಿಗಳು ಉಗ್ರಾಣ ಸೇರುತ್ತವೆ, ಗೋಡೆಯ ಬಿರುಕುಗಳು ಒಂದೇ ರಾತ್ರಿಯಲ್ಲಿ ಮಾಯವಾಗುತ್ತವೆ. ಬಂದವರು ಮೆಚ್ಚಿ, ಗೋಡಂಬಿ ತಿಂದು ಹೋಗುತ್ತಾರೆ. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆ ನಮ್ಮಲ್ಲಿ ಬೈಗುಳವಲ್ಲ, ಕಾರ್ಯವಿಧಾನ.

ಮೊಬೈಲಿನಲ್ಲಿ ಜನ ಇನ್ನೂ ಹಾವಿನ ಆಟ ಆಡುತ್ತಿದ್ದ ಕಾಲದಲ್ಲಿ ನನಗೆ ಮೈಸೂರಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಲ್ಲಿನ ಗಾಜುವಾಕ ಬಡಾವಣೆಯಲ್ಲಿ ಹಿಡಿದ ಹಳೆಯ ಬಾಡಿಗೆ ಮನೆಯ ನಡುಮನೆಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ. ಅದು ಸೊಂಟದೆತ್ತರಕ್ಕೆ ಒದ್ದೆಯಾಗಿ, ಉಪ್ಪುಪ್ಪಾಗಿ ಉದುರುತ್ತಿತ್ತು. ನನ್ನ ಹೆಂಡತಿ ಸರಳಾ ನವರಾತ್ರಿಗೆ ಗೊಂಬೆ ಕೂರಿಸಲು ಆರಿಸಿದ್ದು ಅದೇ ಗೋಡೆಯನ್ನು. ಐದು ಮೆಟ್ಟಿಲ ಅಗಲಕ್ಕೆ ಬೇರೆ ಜಾಗವಿರಲಿಲ್ಲ. ಅವಳಿಗೆ ತೆಲುಗು ಬಾರದು, ಬೀದಿಯಲ್ಲಿ ಒಬ್ಬರ ಪರಿಚಯವೂ ಇಲ್ಲ. ತಾಯಿ ಕೊಟ್ಟ ಪಟ್ಟದ ಗೊಂಬೆಗಳನ್ನು ತೋರಿಸಿಯಾದರೂ ನಾಲ್ಕು ಜನರ ಸ್ನೇಹ ಸಂಪಾದಿಸಬೇಕೆಂದು ಅಕ್ಕಪಕ್ಕದ ಹೆಂಗಸರನ್ನು ಕೈಸನ್ನೆಯಲ್ಲೇ ಕರೆದು ಬಂದಿದ್ದಳು. ಪಾಪ, ಆ ಒಂಟಿತನ ನನಗೂ ಕಾಣುತ್ತಿತ್ತು.

ಮೇಸ್ತ್ರಿ ಅಪ್ಪಲರಾಜು ಬಂದು ಬಚ್ಚಲಿನ ಸೋರುವ ಪೈಪು ಸರಿಮಾಡಿದ, ಹಳೆಯ ಗಾರೆ ಕೆತ್ತಿ ಹೊಸದು ಮೆತ್ತಿದ. ಬಣ್ಣ ಮಾತ್ರ ಬೇಡವೆಂದ.

"ಗೋಡ ಆರಾಲಿ ಸಾರ್. ನೆಲ ರೋಜುಲು."

ಗೋಡೆ ಒಣಗಲು ತಿಂಗಳು ಕಾಯಬೇಕಂತೆ! ನವರಾತ್ರಿಗೆ ಉಳಿದದ್ದು ಆರು ದಿನ. ಶನಿವಾರದೊಳಗೆ ಮುಗಿಯಲೇಬೇಕೆಂದು ನಾನು ಅಧಿಕಾರಿಯ ದನಿಯಲ್ಲಿ ಆಜ್ಞಾಪಿಸಿದೆ. ಆತ ಕರಣೆ ತೊಳೆದುಕೊಳ್ಳುತ್ತ, "ಗೋಡಕಿ ಚೆಪ್ಪಂಡಿ ಸಾರ್" ಎಂದು ಹೊರಟುಹೋದ. ಅದನ್ನು ಗೋಡೆಗೇ ಹೇಳಬೇಕಂತೆ.

ಹೇಳಿದೆ. ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ಗೋಡೆಗೆ ತಿರುಗಿಸಿ, ನಾವಿಬ್ಬರೂ ಕಡಲತೀರದ ಸೆಕೆಯಲ್ಲಿ ಮೂರು ದಿನ ಬೆವೆತೆವು. ಶನಿವಾರ ಬೇರೊಬ್ಬನನ್ನು ಹಿಡಿದು ತಿಳಿಗುಲಾಬಿ ಬಣ್ಣ ಎರಡು ಕೋಟು ಹೊಡೆಸಿದೆ. ಗೋಡೆ ಮದುವಣಗಿತ್ತಿಯಂತೆ ಮಿಂಚಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದವರ್ಯಾರೋ ನನ್ನ ಕೆಲಸ ನೋಡಿಲ್ಲ ಎಂದುಕೊಂಡೆ.

ನವರಾತ್ರಿಯ ಮೂರನೆಯ ಸಂಜೆ ನಾಲ್ವರು ಹೆಂಗಸರು ಬಂದು ಕುಳಿತರು. ಯಾರಿಗೂ ಮಾತು ಹೊರಡದು. ಸುಮ್ಮನೆ ನಕ್ಕು ನಕ್ಕು ಕೋಸಂಬರಿ ತಿನ್ನುತ್ತಿದ್ದರು. ಅಷ್ಟರಲ್ಲಿ ಗೋಡೆ ಹಪ್ಪಳದಂತೆ ಉಬ್ಬಿ, ಅಂಗೈ ಅಗಲದ ಬಣ್ಣದ ಚಕ್ಕೆಯೊಂದು ಪಟ್ಟದ ರಾಣಿಯ ತಲೆಯ ಮೇಲೆ ಬಿತ್ತು. ಹಿಂದೆಯೇ ರಾಜನ ಮೇಲೂ. ಸರಳಾಳ ಮುಖ ನೋಡಲಾರದೆ ನಾನು ಬಾಗಿಲ ಮರೆಗೆ ಸರಿದೆ. ಅವಳ ಕಣ್ಣು ತುಂಬಿತ್ತು.

ಹಿರಿಯಾಕೆ ಎದ್ದು ಗೋಡೆಯನ್ನು ಉಗುರಿನಿಂದ ಕೆರೆದು ನೋಡಿದರು. "ಮಾ ಇಂಟ್ಲೋನೂ ಇಂತೇ ಅಮ್ಮಾ! ಮಾ ಆಯನ ಕೂಡಾ ಇಲಾಗೇ ರಂಗು ವೇಯಿಂಚಾರು."

ಅವರ ಮನೆಯಲ್ಲೂ ಇದೇ ಗತಿಯಂತೆ, ಯಜಮಾನರೂ ಹೀಗೆಯೇ ಬಣ್ಣ ಬಳಿಸಿದ್ದರಂತೆ. ಈ ತೆಲುಗು ನನ್ನ ಹೆಂಡತಿಗೆ ಒಂದಕ್ಷರವೂ ಬಿಡದೆ ಅರ್ಥವಾಯಿತು. "ಅಯ್ಯೋ, ಇವರಿಗೂ ಎಷ್ಟು ಬಡ್ಕೊಂಡೆ ಅಂತೀರಿ, ಮೇಸ್ತ್ರಿ ಮಾತು ಕೇಳಿ ಅಂತ!" ಎಂದು ಅವಳು ಅಪ್ಪಟ ಮೈಸೂರು ಕನ್ನಡದಲ್ಲಿ ಶುರುಮಾಡಿದಳು. ಅದೂ ಅವರಿಗೆ ಅರ್ಥವಾಯಿತು. ಐವರೂ ಸೆರಗು ಸಿಕ್ಕಿಸಿ ಗೊಂಬೆಗಳನ್ನೆಲ್ಲ ನಾನು ಮಲಗುವ ಕೋಣೆಗೆ ಸಾಗಿಸಿದರು. ಸಾಗಿಸುತ್ತಲೇ ಒಬ್ಬೊಬ್ಬರೂ ತಂತಮ್ಮ ಮನೆಯ ಗೋಡೆ ಮತ್ತು ಗಂಡನ ಕಥೆ ಹೇಳಿ ಬಿದ್ದು ಬಿದ್ದು ನಕ್ಕರು.

ಗೋಡೆ ಒಣಗಿದ್ದಿದ್ದರೆ ಆ ಸಂಜೆ ಕೋಸಂಬರಿಯಲ್ಲೇ ಮುಗಿದುಹೋಗುತ್ತಿತ್ತು. ಒಂದು ಗಂಟೆಯಲ್ಲಿ ಸರಳಾಳಿಗೆ ನಾಲ್ವರು ಗೆಳತಿಯರು ಸಿಕ್ಕಿದರು. ನನ್ನ ಬಗ್ಗೆ ಐವರದೂ ಒಂದೇ ಅಭಿಪ್ರಾಯ.