ಪೇಟಿಯೊಳಗಿನ ಕುಂಕುಮ

ಆಗೆಲ್ಲ ನಮ್ಮ ಠಾಣಾ ಕುಶನೂರಿನಲ್ಲಿ ಶ್ರಾವಣ ಬಂತೆಂದರೆ ಸಂಜೆ ಹೊತ್ತು ಯಾವ ಮನೆಯಲ್ಲೂ ಗಂಡಸರು ಸಿಗುತ್ತಿರಲಿಲ್ಲ. ಎಲ್ಲರೂ ಗುಡಿಯ ಭಜನೆಯಲ್ಲಿ. ನಾವು ಹುಡುಗಿಯರು ಜೋಕಾಲಿ ಜೀಕಿ ದಣಿದು, ಉಡಿಯಲ್ಲಿ ಹಸಿ ಹೆಸರುಕಾಯಿ ಕಟ್ಟಿಕೊಂಡು ಗುಡಿಯ ಕಟ್ಟೆಯ ಕೆಳಗೆ ಕೂತು, ಸುಲಿದು ತಿನ್ನುತ್ತ ಹಾಡು ಕೇಳುತ್ತಿದ್ದೆವು. ನನ್ನ ಕಣ್ಣು ಮಾತ್ರ ಹಾರ್ಮೋನಿಯಂ ಮೇಲೆ. ಅದಕ್ಕೆ ನಾವು ಪೇಟಿ ಅನ್ನುತ್ತಿದ್ದೆವು. ಹೆಣ್ಣುಮಕ್ಕಳು ಅದನ್ನು ಮುಟ್ಟುವ ಹಾಗಿರಲಿಲ್ಲ.

ಆ ವರ್ಷ ಬೀದರಿನಿಂದ ಯೋಹಾನ ಮಾಸ್ತರು ಬಂದರು. ಅಲ್ಲಿ ಚರ್ಚಿನ ಪ್ರಾರ್ಥನೆಗೆ ಪಿಯಾನೋ ಬಾರಿಸುವವರು, ತಾವೇ ಹಾಡಿಗೆ ರಾಗ ಕಟ್ಟುವವರು. ಮಳೆಗಾಲಕ್ಕೊಂದು ಊರು ಹಿಡಿದು ಕೂತು, ಬಂದವರಿಗೆಲ್ಲ ಸಂಗೀತ ಕಲಿಸುವುದು ಅವರ ಹುಚ್ಚು. ಪಿಯಾನೋ ಹೊತ್ತು ತರಲಾದೀತೇ? ಗುಡಿಯ ಪೇಟಿಯೇ ಸಾಕೆಂದರು. ಮೊದಲ ಸಂಜೆಯೇ ನನ್ನತ್ತ ಕೈ ಮಾಡಿದರು.

"ಏ ಅವ್ವಿ, ಕೆಳಗ್ಯಾಕ ಕುಂತಿ? ಬಾ, ಒತ್ತಿ ನೋಡು."

ಒತ್ತಿದೆ. ಎಳೆಗರು ಕೂಗಿದ ಹಾಗೆ ದನಿ ಬಂತು. ಮತ್ತೊಮ್ಮೆ ಒತ್ತಿದೆ.

ಮರುದಿನ ಸಂಜೆ ಪೇಟಿಯಿಂದ ದನಿಯೇ ಇಲ್ಲ. ಎಷ್ಟು ಒತ್ತಿದರೂ ಬರೀ ಗಾಳಿ. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು.

"ಹೆಣ್ಣು ಮುಟ್ತು, ದೇವರು ಸಿಟ್ಟಾದ. ನಾ ಹೇಳಿದ್ದಿಲ್ಲೇನು?" ಎಂದ ಭಜನೆಯ ಹಿರಿಯ ಗುರಪ್ಪ ಕಾಕಾ.

ಅಪ್ಪ ಕೈಯಲ್ಲಿನ ತಾಳ ಕೆಳಗಿಟ್ಟ. "ನಾಳಿಯಿಂದ ಗುಡಿ ಕಡಿ ಹಾಯಬ್ಯಾಡ ನೀ," ಎಂದ ನನಗೆ. ಉಡಿಯಲ್ಲಿದ್ದ ಹೆಸರುಕಾಯಿ ಕಟ್ಟೆಯ ಮೇಲೆ ಸುರಿದು ಎದ್ದೆ.

"ಸಿಟ್ಟು ಆಮ್ಯಾಲ ಕಾಕಾ, ಮೊದಲು ಬಿಚ್ಚಿ ನೋಡೋಣ್ರಿ," ಎಂದು ಮಾಸ್ತರು ಪೇಟಿಯ ತಿರುಪು ಬಿಚ್ಚಿದರು. ಒಳಗೆ ದನಿ ಹುಟ್ಟಿಸುವ ಹಿತ್ತಾಳೆ ಪಟ್ಟಿಗಳ ಮೇಲೆಲ್ಲ ಕೆಂಪಗೆ ಮೆತ್ತಿಕೊಂಡಿತ್ತು. ಅಂದು ಶ್ರಾವಣ ಸೋಮವಾರ. ಬೆಳಿಗ್ಗೆ ಹಿರಿಯರು ಪೇಟಿಗೂ ಪೂಜೆ ಮಾಡಿ, ಕಾಯಿ ಒಡೆದ ನೀರು ಚಿಮುಕಿಸಿ, ಹಿಡಿ ಕುಂಕುಮ ಏರಿಸಿದ್ದರು. ಅದೆಲ್ಲ ಸಂದಿಯಲ್ಲಿಳಿದು ಗಟ್ಟಿಯಾಗಿತ್ತು.

"ಇದು ದೇವರ ಸಿಟ್ಟಲ್ರಿ, ನಿಮ್ಮ ಪ್ರೀತಿ. ಜರಾ ಜಾಸ್ತಿ ಆಗ್ಯಾದ."

"ಹೋದ ವರ್ಷಾನೂ ಇಷ್ಟೇ ಹಾಕಿದ್ವಲ್ಲೋ ಮಾಸ್ತರ!"

"ಅದೂ ಒಳಗೇ ಅದರೀ ಕಾಕಾ."

ಗುಡಿಗೆ ಗುಡಿಯೇ ನಕ್ಕಿತು. ಕಾಕಾನೂ ಮೀಸೆಯಲ್ಲೇ ನಕ್ಕ. ಅಪ್ಪ ಮಾತ್ರ ನಗಲಿಲ್ಲ. ಮಾಸ್ತರು ಒರೆಸಿ ಜೋಡಿಸಿದ ಮೇಲೆ ಎದ್ದು ಬಂದು ಪೇಟಿಯ ಹಿಂದೆ ಕೂತ. ಗಾಳಿ ತುಂಬುವ ಹಲಗೆ ಹಿಡಿದುಕೊಂಡ.

"ನಾ ಗಾಳಿ ಹಾಕ್ತೇನಿ. ನೀ ಒತ್ತವ್ವಾ."

ಆ ಮಳೆಗಾಲವೆಲ್ಲ ಕಲಿತೆ. ನಮ್ಮವ್ವಂದಿರ ಜೋಕಾಲಿ ಹಾಡಿಗೆ ಮಾಸ್ತರು ಹೊಸ ರಾಗ ಕಟ್ಟಿದರು. ಹೆಂಗಸರೂ ಒಬ್ಬೊಬ್ಬರಾಗಿ ಕಟ್ಟೆ ಏರಿದರು. ಜೋಳ ಬಿತ್ತುವ ಹೊತ್ತಿಗೆ ಮಾಸ್ತರು ಡಾಬಕಾ ಊರಿನ ಕಡೆ ಹೋದರು. ಪೇಟಿ ಮತ್ತೆ ಗಂಡಸರ ಕೈಗೆ ಹೋಯಿತು. ನಮಗೆ ಯಾರೂ ಬೇಡ ಅನ್ನಲಿಲ್ಲ, ಕರೆಯಲೂ ಇಲ್ಲ. ಮುಂದೆ ಲಗ್ನವಾಗಿ ಭಾಲ್ಕಿ ಸೇರಿದೆ.

ಈಗ ನನ್ನ ಸಂತೋಷ ಯಾರ ಮುಂದೆ ಹೇಳಲಿ! ಮೊಮ್ಮಗಳು ಪಿಯಾನೋ ಕಲಿತಿದ್ದಾಳೆ, ತಾನೇ ರಾಗ ಕಟ್ಟುತ್ತಾಳೆ. ಬೀದರಿನಲ್ಲಿ ಓಣಿಯ ಮಕ್ಕಳನ್ನೂ ಅವರ ತಾಯಂದಿರನ್ನೂ ಕೂರಿಸಿಕೊಂಡು ಕಲಿಸುತ್ತಾಳೆ. ಮೊನ್ನೆ ಅವಳ ಮನೆಗೆ ಹೋದಾಗ ನನ್ನನ್ನೂ ಎಳೆದು ಕೂರಿಸಿದಳು.

"ಅಜ್ಜಿ, ಬೆರಳು ಹಿಂಗ ನೆಟ್ಟಗ ಇಟ್ರ ಹ್ಯಾಂಗ? ಬಗ್ಗಸು."

ಮಕ್ಕಳು ನಕ್ಕವು. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಪ್ಪ ಇಲ್ಲ, ಮಾಸ್ತರಿಲ್ಲ, ಕಾಕಾನೂ ಇಲ್ಲ. ಮುಟ್ಟಬೇಡ ಅನ್ನುವವರು ಈಗ ಯಾರೂ ಉಳಿದಿಲ್ಲ. ಜನ್ಮವೆಲ್ಲ ರೊಟ್ಟಿ ಬಡಿದ ಈ ಬೆರಳುಗಳೇ ಈಗ ಬಾ ಅಂದರೂ ಬಗ್ಗುತ್ತಿಲ್ಲ.