ಮಾವನ ಆಯುಸ್ಸಿನ ಲೆಕ್ಕ

ಆಫೀಸಿನಲ್ಲಿ ಅವನಿಗೆ ‘ಬಾಲ’ ಎಂದೇ ಹೆಸರು. ಯಾವುದೇ ಕಂಪನಿಯ ವಾರ್ಷಿಕ ವರದಿ ಕೈಗೆ ಬರಲಿ, ಮುಂದಿನ ಬಣ್ಣದ ಪುಟಗಳನ್ನು ಮೂಸಿಯೂ ನೋಡದೆ ಹಿಂದಿನಿಂದ ಓದಲು ಶುರುಮಾಡುತ್ತಿದ್ದ. ಜನರ ಉಳಿತಾಯದ ಹಣವನ್ನು ಕಂಪನಿಗಳಲ್ಲಿ ತೊಡಗಿಸುವ ಸಂಸ್ಥೆ ಅದು. ಯಾವ ಕಂಪನಿ ಗಟ್ಟಿ, ಯಾವುದು ಟೊಳ್ಳು ಎಂದು ಹೇಳುವುದು ಇವನ ಕೆಲಸ. ಸಾಲವೆಂದು ಒಪ್ಪಿಕೊಂಡ ಸಾಲ ಮುಂದೆಯೇ ಕಾಣುತ್ತದೆ, ಒಪ್ಪಿಕೊಳ್ಳದ ಸಾಲ ಕೊನೆಯ ಪುಟಗಳ ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ ಎಂಬುದು ಅವನ ನಂಬಿಕೆ. ಮೊಸರಿನಲ್ಲಿ ಕಲ್ಲು ಹುಡುಕುವುದಕ್ಕೂ ಸಂಬಳ ಕೊಡುವವರಿದ್ದಾರೆ ನೋಡಿ.

ಇಂಥವನ ಕಣ್ಣಿಗೆ ಚುಚ್ಚುತ್ತಿದ್ದವನು ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಒಂದು ಬಸ್ ಕಂಪನಿಯಲ್ಲಿ ಹಣಕಾಸಿನ ಮುಖ್ಯಸ್ಥ. ಮಾವ ಜೀವಮಾನವೆಲ್ಲ ಅದೇ ಕಂಪನಿಯ ಬಸ್ಸು ಓಡಿಸಿ, ಈಗ ಅದೇ ಕಂಪನಿಯ ಪಿಂಚಣಿಯಲ್ಲಿ ಬದುಕಿದ್ದರು. ಅವರಿಗೆ ಹಲ್ಲು ನೋವಾದರೂ ಚಿಕ್ಕ ಅಳಿಯನನ್ನೇ ಕೇಳಬೇಕು, ಗೋಡೆಗೆ ಬಣ್ಣ ಬಳಿಸಬೇಕಾದರೂ ಅವನನ್ನೇ. ದೊಡ್ಡ ಅಳಿಯ ಎದುರಿಗೇ ಗೂಟದ ಹಾಗೆ ಕೂತಿರುತ್ತಿದ್ದ. ಒಂದೇ ಒಂದು ಸಲ ಮಾವ ತನ್ನನ್ನೂ ಏನಾದರೂ ಕೇಳಲಿ ಎಂದು ನಲವತ್ತೆಂಟರ ಈ ಗಂಡಸು ಹಂಬಲಿಸುತ್ತಿದ್ದ. ನಾಚಿಕೆಗೇಡು, ಆದರೆ ನಿಜ.

“ನಮ್ಮ ಕಂಪನಿಗೆ ಬಿಡಿಗಾಸಿನ ಸಾಲವೂ ಇಲ್ಲ ಮಾವ” ಎಂದು ಷಡ್ಡಕ ಬೀಗಿದಾಗಲೆಲ್ಲ ಬಾಲನ ಹೊಟ್ಟೆ ಉರಿಯುತ್ತಿತ್ತು.

ಹಾಗಿರುವಾಗ ಆ ಕಂಪನಿ ಹೊಸ ಷೇರು ಮಾರಲು ಹೊರಟಿತು. ಕೊಳ್ಳಬಹುದೇ ಎಂದು ನೋಡಲು ವರದಿ ಬಂದದ್ದು ಬಾಲನ ಮೇಜಿಗೇ. ಸಂಬಂಧಿಕರ ಕಂಪನಿಯಾದರೆ ಮೇಲಧಿಕಾರಿಗೆ ತಿಳಿಸಿ ಕಡತ ವಾಪಸು ಕೊಡಬೇಕು. ಬಾಲ ಬಾಯಿಗೆ ಬೀಗ ಹಾಕಿಕೊಂಡ.

ಹಿಂದಿನಿಂದ ಓದಿದ. ಒಂದು ಬಸ್ಸೂ ಕಂಪನಿಯದಲ್ಲ! ಎಲ್ಲ ವರ್ಷ ವರ್ಷ ನವೀಕರಿಸುವ ಬಾಡಿಗೆ. ಒಂದೇ ವರ್ಷದ ಕರಾರೆಂಬ ನೆಪದಲ್ಲಿ ಸಾಲದ ಪಟ್ಟಿಗೆ ಸೇರಿರಲಿಲ್ಲ. ಮುಂದಿನ ವರ್ಷ ಬಸ್ಸು ಹಿಂದಿರುಗಿಸಿ ಪ್ರಯಾಣಿಕರನ್ನು ಹೆಗಲ ಮೇಲೆ ಹೊತ್ತೊಯ್ಯುತ್ತಾರೆಯೇ? ಒಂದು ಬಸ್ಸು ಓಡುವ ಎಂಟು ವರ್ಷದ ಬಾಡಿಗೆಯನ್ನು ಇಂದಿನ ಬೆಲೆಗೆ ಇಳಿಸಿ ಸಾಲಕ್ಕೆ ಸೇರಿಸಿದ. ಅಲ್ಲಿಯವರೆಗೆ ನ್ಯಾಯವಾಗಿಯೇ ನಡೆಯಿತು. ಆಮೇಲೆ ಪಿಂಚಣಿ. ನಿವೃತ್ತರು ಸರಾಸರಿ ಎಪ್ಪತ್ತೈದರವರೆಗೆ ಬದುಕುತ್ತಾರೆಂದು ಕಂಪನಿ ಹಿಡಿದಿತ್ತು. ಬೇಗ ಸತ್ತಷ್ಟೂ ಹೊರೆ ಕಡಿಮೆ. ಬಾಲನ ಸಂಸ್ಥೆಯಲ್ಲಿ ಎಲ್ಲರಿಗೂ ಹಿಡಿಯುವ ಅಂಕಿ ಎಂಬತ್ತೆರಡು. ಅದನ್ನು ಹಾಕಿದ. ಕಂಪನಿ ಏದುಸಿರು ಬಿಟ್ಟಿತು, ಬೀಳಲಿಲ್ಲ. ಷಡ್ಡಕನ ನಗುಮುಖ ಕಣ್ಣಿಗೆ ಕಟ್ಟಿತು. ಎಂಬತ್ತೆರಡನ್ನು ಅಳಿಸಿ ತೊಂಬತ್ತು ಹಾಕಿದ. ಕಂಪನಿ ಕುತ್ತಿಗೆಯವರೆಗೆ ಮುಳುಗಿತು, ಬಾಲನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಭಾನುವಾರ ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವನಿಗೆ ತಡೆಯಲಾಗಲಿಲ್ಲ.

“ಏನಪ್ಪಾ, ನಿಮ್ಮ ಕಂಪನಿ ಲೆಕ್ಕ ಹಾಕೋಕೆ ನನ್ನ ಮೇಜಿಗೇ ಬಂದಿದೆ. ನಿಮ್ಮ ಲೆಕ್ಕದಲ್ಲಿ ಮಾವನಿಗೆ ಎಷ್ಟು ಆಯುಸ್ಸು ಹಾಕಿದೀರಿ? ಎಪ್ಪತ್ತೈದು ತಾನೆ?”

ಮಾವನಿಗೆ ಆಗ ಎಪ್ಪತ್ತಾರು. ಎತ್ತಿದ ತುತ್ತು ತಟ್ಟೆಗಿಳಿಸಿದರು. “ಹಾಗಾದ್ರೆ ನಾನು ಹೋಗಿ ಆಗ್ಲೇ ಒಂದು ವರ್ಷ ಆಯ್ತು ಅನ್ನು!”

“ಅಯ್ಯೋ, ಅದು ಸರಾಸರಿ ಮಾವ!” ಷಡ್ಡಕ ತಡವರಿಸಿದ.

ಮಾವ ದೊಡ್ಡ ಅಳಿಯನ ಕಡೆ ತಿರುಗಿದರು. “ನೀವೆಷ್ಟು ಹಾಕಿದ್ರಿ?”

“ತೊಂಬತ್ತು.”

ಮುದುಕರ ಕಣ್ಣು ಒದ್ದೆಯಾಯಿತು. “ನೋಡ್ರಮ್ಮಾ, ನನ್ನ ಮೇಲೆ ಎಷ್ಟು ಪ್ರೀತಿ ಇವರಿಗೆ!” ಎಂದು ಹೆಣ್ಣುಮಕ್ಕಳಿಗೆ ತೋರಿಸಿ, ತಮ್ಮ ತಟ್ಟೆಯ ಹಪ್ಪಳವನ್ನು ಅವನ ತಟ್ಟೆಗೆ ಹಾಕಿದರು. ಬಾಲ ಅದನ್ನು ಮುರಿದು ಬಾಯಿಗಿಟ್ಟ.

ಕೈ ತೊಳೆಯುವಾಗ ಷಡ್ಡಕ ಹಿಂದೆಯೇ ಬಂದ. “ಭಾವ, ತೊಂಬತ್ತು ಹಾಕಿದ್ರೆ ಯಾರೂ ಷೇರು ಕೊಳ್ಳಲ್ಲ. ಪಿಂಚಣಿ ನಿಧಿ ಬರಿದಾಗ್ತಾ ಬಂದಿದೆ, ಈ ದುಡ್ಡು ಬಂದ್ರೇನೇ ಅದು ತುಂಬೋದು. ಇಲ್ದಿದ್ರೆ ಮಾವನಿಗೆ ಅರ್ಧ ಪಿಂಚಣಿ. ಮೊದಲನೇ ಪುಟದಲ್ಲೇ ಬರೆದಿದೀವಲ್ಲ, ನೋಡ್ಲಿಲ್ವಾ?”

ಮೊದಲನೇ ಪುಟ! ಬಾಲ ಅದನ್ನು ತೆರೆದೇ ಇರಲಿಲ್ಲ.

ಮರುದಿನ ಮೇಲಧಿಕಾರಿಯ ಮುಂದೆ ನಿಂತು ಸಂಬಂಧ ಹೇಳಿಕೊಂಡ, ತೊಂಬತ್ತನ್ನೂ ಹೇಳಿಕೊಂಡ. ಮಂಗಳಾರತಿ ಭರ್ಜರಿಯಾಗಿಯೇ ಆಯಿತು, ಆ ವರ್ಷದ ಬಡ್ತಿಯೂ ಹೋಯಿತು. ಕಡತ ಬೇರೆಯವರ ಕೈಸೇರಿತು; ಅವರು ಎಂಬತ್ತೆರಡು ಹಾಕಿ, ಬಾಡಿಗೆಯನ್ನು ಅವನಂತೆಯೇ ಲೆಕ್ಕ ಹಿಡಿದು, ಬೆಲೆ ಸ್ವಲ್ಪ ಇಳಿಸಿದರೆ ಕೊಳ್ಳಬಹುದು ಎಂದರು. ಕಂಪನಿ ಬೆಲೆ ಇಳಿಸಿತು, ಸಂಸ್ಥೆ ಕೊಂಡಿತು. ನಿಧಿ ತುಂಬಿತು.

ಮಾವ ತಾವಾಗಿಯೇ ಫೋನ್ ಮಾಡಿದರು. ಹಿಂದೆಂದೂ ಮಾಡಿದವರಲ್ಲ.

“ಪಿಂಚಣಿ ಉಳೀತು ಕಣ್ರೀ! ಎಲ್ಲ ಚಿಕ್ಕ ಅಳಿಯನ ಪುಣ್ಯ. ನೀವು ಬೇಜಾರು ಮಾಡ್ಕೋಬೇಡಿ, ತೊಂಬತ್ತು ಅಂತ ಬರೆಯೋದು ಸುಲಭ. ಅಲ್ಲೀವರೆಗೂ ಅನ್ನ ಹಾಕೋಕೆ ಅವನಂಥ ಗಂಡಸೇ ಬೇಕು.”

ನಿಜ ಹೇಳಲು ಬಾಯಿ ತೆರೆದ. ಹೇಳಿದರೆ ತೊಂಬತ್ತು ಯಾಕೆ ಬರೆದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು.

“ಹೌದು ಮಾವ” ಎಂದ ಬಾಲ.